ನನ್ನ ಮಿರ್ಚಿಗೆ ಲೆಕ್ಕ ಹಿಡಿಯುವ ಕೈಗಡಿಯಾರಕ್ಕೆ

ಎಡಗೈ ಮಣಿಕಟ್ಟಿನ ಮೇಲೆ ಹಗಲಿರುಳು ವಿರಾಜಮಾನರಾಗಿರುವ, ಕಪ್ಪು ಪಟ್ಟಿಯ, ಹಸಿರು ಕಣ್ಣಿನ, ಕೈಗಡಿಯಾರ ಸಾಹೇಬರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾವೇರಿ ಸ್ಟೇಷನ್ನಿನಿಂದ ಹೊರಟೇಬಿಟ್ಟಿದ್ದ ಹುಬ್ಬಳ್ಳಿ ರೈಲನ್ನು, ನಮ್ಮವ್ವ ರೊಟ್ಟಿಯ ಗಂಟನ್ನು ಬೆಂಚಿನ ಮೇಲೆ ಮರೆತು ಹತ್ತಿದಳೆಂಬ ಒಂದೇ ಕಾರಣಕ್ಕೆ, ಕೊನೆಯ ಡಬ್ಬಿಯ ಕೊಂಡಿ ಹಿಡಿದು ಎಡಗೈಯಿಂದ ತಡೆದು ನಿಲ್ಲಿಸಿ, ಬಲಗೈಯಿಂದ ಗಂಟನ್ನು ಕಿಟಕಿಯೊಳಗೆ ಕೊಟ್ಟು, ಇನ್ನು ಹೋಗಬಹುದು ಎಂದು ಡ್ರೈವರನಿಗೆ ಅಪ್ಪಣೆ ಕೊಟ್ಟ ಹೊಳಿಯಪ್ಪ ಎಂಬುವನ ಹೆಸರನ್ನು ತಾವು ಕೇಳಿಯೇ ಇರುತ್ತೀರಿ. ಆತನೇ ನಾನು. ಈ ಸಂಗತಿ ರೈಲ್ವೆಯವರ ದಫ್ತರದಲ್ಲಿ ಎಲ್ಲೂ ಇಲ್ಲ, ನಾಚಿಕೆಯಾಗಿ ಬರೆದುಕೊಂಡಿಲ್ಲ. ಆ ರೈಲು ತಡೆದ ಎಡಗೈಯ ಮಣಿಕಟ್ಟಿನ ಮೇಲೆಯೇ ತಾವು ಈಗ ಎರಡು ತಿಂಗಳಿಂದ ಕುಳಿತಿದ್ದೀರಿ ಎಂಬುದನ್ನು ನೆನಪಿಸಿ, ಸಾಷ್ಟಾಂಗ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು ಹಾಕಿಲ್ಲ. ಹಾಕಿದ್ದರೂ ತಾವು ಅದಕ್ಕೆ ಎರಡು ಕ್ಯಾಲರಿಗಿಂತ ಹೆಚ್ಚು ಬರೆಯುತ್ತಿರಲಿಲ್ಲ.

ನನ್ನ ಪರಿಚಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಫಿರ್ಯಾದಿಯ ಬೇರು ಅಲ್ಲಿಯೇ ಇದೆ. ಕುಪ್ಪೇಲೂರಿನ ಸರಕಾರಿ ಕನ್ನಡ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದ ಮೇಲೆ ನನಗೆ ಕಲಿಸುವಂಥದ್ದು ಮಾಸ್ತರರ ಹತ್ತಿರ ಏನೂ ಉಳಿಯದೆ, ಕೆಲವು ವರ್ಷ ಹೊಲದಲ್ಲಿ ಕಳೆದು, ಮುಂದೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ತೂಕದವನಾಗಿ ಸೇರಿದೆ. ಮೂವತ್ತೆರಡು ವರ್ಷ ತೂಗಿದೆ. ಚೀಲದ ಕಿವಿ ಹಿಡಿದು ನಾಲ್ಕು ಬೆರಳು ಮೇಲೆತ್ತಿದರೆ ಸಾಕು, ಒಳಗೆ ಎಷ್ಟಿದೆ ಎಂದು ಕಾಲು ಕಿಲೋ ಹೆಚ್ಚುಕಡಿಮೆ ಇಲ್ಲದೆ ಹೇಳುತ್ತಿದ್ದೆ. ಆಮೇಲೆ ಕಾಟಾದ ಮೇಲೆ ಏರಿಸುತ್ತಿದ್ದದ್ದು ಬರೀ ಸರಕಾರದ ಸಮಾಧಾನಕ್ಕೆ. ನಮ್ಮ ಪೇಟೆಯ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ಅಲ್ಲಿ ತೂಕ ಎಷ್ಟು ಎಂದು ಕೇಳಿದರೆ ಯಾರೂ ಚೀಲ ಸಮೇತ ಹೇಳುವುದಿಲ್ಲ. ಚೀಲ ವಜಾ, ತೇವ ವಜಾ, ತೊಟ್ಟು ವಜಾ, ಧೂಳು ವಜಾ. ಇಷ್ಟೆಲ್ಲ ತೆಗೆದ ಮೇಲೆ ಉಳಿದದ್ದು ಮಾಲು, ಅದೇ ತೂಕ. ಈ ಪದ್ಧತಿ ನನ್ನ ರಕ್ತದಲ್ಲಿ ಇಳಿದಿದೆ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ತಾವು ನಮ್ಮ ಮನೆಗೆ ಬಂದ ಬಗೆ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಬದಿಗೆ ನನ್ನ ಗೆಳೆಯ ಫಕ್ರುದ್ದೀನನ ಮಿರ್ಚಿ ಭಜಿಯ ಗಾಡಿ ಇದೆ. ಸಂಜೆ ಐದರ ಹೊತ್ತಿಗೆ ಎಣ್ಣೆಗೆ ಬಿದ್ದ ಮೊದಲ ಮಿರ್ಚಿಯ ಸಪ್ಪಳ ಮೂರು ಓಣಿ ದಾಟಿ ನನ್ನ ಕಿವಿಗೇ ನೇರವಾಗಿ ಬರುತ್ತಿತ್ತು, ನಾನು ಹೋಗಿ ನಾಲ್ಕು ಮಿರ್ಚಿ, ಒಂದು ಕಾಗದದ ತುಂಬ ಒಗ್ಗರಣೆ ಮಂಡಕ್ಕಿ ತಿಂದು ಬರುತ್ತಿದ್ದೆ. ಇದು ನಿವೃತ್ತಿಯ ಮೇಲೆ ಏಳು ವರ್ಷ ಸಾಂಗವಾಗಿ ನಡೆಯಿತು. ಈ ಸಲ ಸಂಕ್ರಾಂತಿಗೆ ಮೊದಲು ಹಾವೇರಿಯ ಡಾಕ್ಟರರೊಬ್ಬರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೊಂಬತ್ತನಾಲ್ಕು ಕಿಲೋ ಎಂದು ಓದಿ, ನನ್ನನ್ನು ಬಿಟ್ಟು ನನ್ನ ಹೆಂಡತಿ ಜಯವ್ವನ ಮುಖ ನೋಡಿದರು. ರಕ್ತದ ಸಕ್ಕರೆ ಬೇಲಿಯ ಮೇಲೆ ಕುಳಿತಿದೆ, ಇತ್ತ ಜಿಗಿಯಬಹುದು ಅತ್ತ ಜಿಗಿಯಬಹುದು ಎಂದರು. ಆಗ ನನ್ನ ತಂಗಿಯ ಮಗ ಕನಕರಾಜ ಮಧ್ಯಸ್ಥಿಕೆಗೆ ಬಂದ. ಇವನು ರಾಣೆಬೆನ್ನೂರಿನಲ್ಲಿ ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ಜಿಮ್ ನಡೆಸುತ್ತಾನೆ. ಸೋದರಮಾವನ ಮೇಲಿನ ಪ್ರೀತಿಗೆ ತಮ್ಮನ್ನು ಡಬ್ಬಿಯಿಂದ ತೆಗೆದು ನನ್ನ ಕೈಗೆ ಕಟ್ಟಿ, ಮಾವ ಎಷ್ಟು ಕರಗಿಸುತ್ತಾರೋ ಅಷ್ಟನ್ನು ತಿನ್ನಲಿ, ಲೆಕ್ಕ ಸರಿಹೋಗುತ್ತದೆ ಎಂದ. ಅವನು ಮಾತಿಗೆ ಹೇಳಿದ್ದನ್ನು ಜಯವ್ವ ಕಾನೂನು ಮಾಡಿದಳು. ಒಂದು ಮಿರ್ಚಿಗೆ ನೂರಾ ಇಪ್ಪತ್ತು ಕ್ಯಾಲರಿ ಎಂದು ಅವನಿಂದಲೇ ಕೇಳಿಕೊಂಡು ಅಡಿಗೆಮನೆಯ ಕ್ಯಾಲೆಂಡರಿನ ಅಂಚಿಗೆ ಬರೆದಿಟ್ಟಳು. ನನಗೆ ಮಿರ್ಚಿ ಕೊಡಕೂಡದೆಂದು ಫಕ್ರುದ್ದೀನನಿಗೂ ಹೇಳಿಕಳಿಸಿದಳು. ಅಂದಿನಿಂದ, ಮಾನ್ಯರೇ, ನನ್ನ ನಾಲಿಗೆ ಮತ್ತು ಫಕ್ರುದ್ದೀನನ ಬಾಣಲೆ ಇವೆರಡರ ನಡುವೆ ತಾವು ನಾಕಾ ಹಾಕಿಕೊಂಡು ಕುಳಿತಿರಿ.

ತಮ್ಮನ್ನು ಚಾಲೂ ಮಾಡುವ ದಿನ ತಾವು ನನ್ನ ವಿವರ ಕೇಳಿದಿರಿ. ಕನಕರಾಜ ಯಾರೋ ಗಿರಾಕಿ ಬಂದರೆಂದು ಮೊಬೈಲು ನನ್ನ ಕೈಗೆ ಕೊಟ್ಟು ಅತ್ತ ಹೋದದ್ದರಿಂದ, ನಾನೇ ನನ್ನ ಬೆರಳಿನಿಂದ ತುಂಬಿದೆ. ತೂಕ ಎಷ್ಟು ಎಂದು ಕೇಳಿದ್ದಿರಿ. ಮೂವತ್ತೆರಡು ವರ್ಷದ ತೂಕದವನನ್ನು ಕೇಳಿದರೆ ಅವನು ಏನು ಹೇಳಬೇಕೋ ಅದನ್ನೇ ಹೇಳಿದೆ. ಚೀಲ ಸಮೇತ ತೊಂಬತ್ತನಾಲ್ಕು. ಅದರಲ್ಲಿ ಧೋತರ, ಅಂಗಿ, ರುಮಾಲು, ಚಪ್ಪಲಿ ಸೇರಿ ಎರಡು ಕಿಲೋ ಚೀಲದ ಬಾಬತ್ತು ವಜಾ. ಮನುಷ್ಯನ ಮೈಯಲ್ಲಿ ಬಹುಪಾಲು ನೀರೇ ಎಂದು ಸಾಲೆಯಲ್ಲಿ ಕಲಿಸಿದ್ದರು. ಪೂರ್ತಿ ಹಿಡಿದರೆ ಮಾಲೇ ಉಳಿಯಲಿಕ್ಕಿಲ್ಲವೆಂದು ಉದಾರ ಮನಸ್ಸಿನಿಂದ ತೇವಕ್ಕೆ ಇಪ್ಪತ್ತೇ ಕಿಲೋ ವಜಾ. ಇನ್ನು ಹೊಟ್ಟೆ, ಅದು ನನ್ನದಲ್ಲ, ಫಕ್ರುದ್ದೀನನ ಮಾಲು ನನ್ನ ಹತ್ತಿರ ತಾತ್ಕಾಲಿಕವಾಗಿ ಇಟ್ಟದ್ದು, ಹನ್ನೆರಡು ವಜಾ. ಉಳಿದದ್ದು ಅರವತ್ತು. ಬರೆದೆ. ವಯಸ್ಸು ಅರವತ್ತೊಂದು ನಿಜ, ಆದರೆ ಬ್ಯಾಡಗಿ ಸೇರುವ ಮೊದಲಿನ ಇಪ್ಪತ್ತೆರಡು ವರ್ಷ ಸುಮ್ಮನೆ ಹೋದವು, ಹಾಗಾಗಿ ಮೂವತ್ತೊಂಬತ್ತು. ಎತ್ತರ, ರುಮಾಲು ಸುತ್ತಿ ಎದೆ ಎತ್ತಿ ನಿಂತಾಗಿನದು, ಐದು ಅಡಿ ಹನ್ನೊಂದು ಅಂಗುಲ. ತಾವು ಒಂದು ಮಾತೂ ಎದುರಾಡದೆ, ಚೌಕಾಸಿ ಮಾಡದೆ, ಹಸಿರು ಗುರುತು ತೋರಿಸಿ ಒಪ್ಪಿಕೊಂಡಿರಿ. ತಮ್ಮ ಸೌಜನ್ಯಕ್ಕೆ ಆಗಲೇ ನಾನು ಮನಸೋತೆ.

ಮರುದಿನ ಕನಕರಾಜ ನನ್ನ ಮುಂದೆ ಕೆಟಲ್‌ಬೆಲ್ ಎಂಬ ಸಾಮಾನು ತಂದಿಟ್ಟ. ತಾವು ದಿನಾ ನೋಡುವವರು, ಆದರೆ ಪತ್ರ ಓದುವ ಬೇರೆ ಜನರಿಗಾಗಿ ಹೇಳುತ್ತೇನೆ: ಕಬ್ಬಿಣದ ಗುಂಡು, ಮೇಲೆ ದಪ್ಪ ಹಿಡಿಕೆ, ಹಳೆಯ ತಕ್ಕಡಿಯ ಕಲ್ಲಿಗೆ ಯಾರೋ ಕಿವಿ ಹಚ್ಚಿದಂತೆ. ನೋಡಿದ ಕೂಡಲೇ ನನಗೆ ತವರಿಗೆ ಬಂದಂತಾಯಿತು. ಮೊದಲು ಅದನ್ನು ಬೋರಲು ಹಾಕಿ ತಳದಲ್ಲಿ ಸರಕಾರದ ಮುದ್ರೆ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಮೈಮೇಲೆ ಹದಿನಾರು ಕಿಲೋ ಎಂದು ಕೆತ್ತಿತ್ತು. ನಾಲ್ಕು ಬೆರಳಲ್ಲಿ ಎತ್ತಿ ನೋಡಿ, ಇದು ಹದಿನೈದೂವರೆಯ ಮೇಲೆ ಒಂದು ಗ್ರಾಮೂ ಇಲ್ಲ ಎಂದೆ. ಜಿಮ್ಮಿನ ಹುಡುಗರು ನಕ್ಕರು. ಕೆಳಗಿನ ಬೀಜದ ಅಂಗಡಿಯ ಕಾಟಾಕ್ಕೆ ಒಯ್ದು ಇಟ್ಟರು. ಹದಿನೈದು ಕಿಲೋ ನಾನೂರ ಎಂಬತ್ತು ಗ್ರಾಮು. ಆಮೇಲೆ ಯಾರೂ ನಗಲಿಲ್ಲ, ಒಬ್ಬ ನನ್ನ ಕಾಲು ಮುಟ್ಟಿದ. ಈ ಒಂದು ಸಂಗತಿಗೆ ಸಾಕ್ಷಿಗಳಿದ್ದಾರೆ, ಬೇಕಾದರೆ ಕೇಳಿ ನೋಡಬಹುದು.

ಅದೇ ದಿನ ಕನಕರಾಜ ತಮ್ಮ ಕಸುಬಿನ ಗುಟ್ಟನ್ನೂ ಹೇಳಿದ. ತಾವು ತೋರಿಸುವ ಕ್ಯಾಲರಿ ಅಳೆದದ್ದಲ್ಲವಂತೆ, ಅಂದಾಜಂತೆ. ತೂಕ, ವಯಸ್ಸು, ಎತ್ತರ ಹಿಡಿದು, ಹಸಿರು ದೀಪದಿಂದ ಚರ್ಮದ ಕೆಳಗಿನ ನಾಡಿ ನೋಡಿ, ಕೈ ಎಷ್ಟು ಆಡಿತೆಂದು ಲೆಕ್ಕ ಹಾಕಿ, ಇಷ್ಟಿರಬಹುದು ಎನ್ನುತ್ತೀರಂತೆ. ನನಗಾದ ಸಂತೋಷ ಹೇಳತೀರದು. ನಾನೂ ಅಂದಾಜಿನವನು, ತಾವೂ ಅಂದಾಜಿನವರು; ಒಂದೇ ಪೇಟೆಯ ಇಬ್ಬರು ತೂಕದವರು ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಹೊಡೆಯುವುದಿಲ್ಲ ಎಂದು ನಂಬಿದೆ. ಆ ನಂಬಿಕೆಗೆ ತಾವು ಕೊಟ್ಟ ಪೆಟ್ಟನ್ನೇ ಈಗ ವಿವರಿಸಬೇಕಾಗಿದೆ.

ಮೊದಲ ದಿನ ಕಾಲು ಅಗಲಿಸಿ ನಿಂತು, ಸೊಂಟ ಬಾಗಿಸಿ, ಆ ಗುಂಡನ್ನು ಎರಡೂ ಕೈಯಿಂದ ಕಾಲ ಸಂದಿಯಿಂದ ಎದೆಯವರೆಗೆ ಬೀಸಿ ಬೀಸಿ ಹದಿನೈದು ನಿಮಿಷ ದುಡಿದೆ. ಬೆವರು ರುಮಾಲಿನಿಂದ ಹೊರಟು ಹಿಮ್ಮಡಿ ಮುಟ್ಟಿತು. ತಮ್ಮ ಮುಖ ನೋಡಿದರೆ ಹನ್ನೊಂದು ಕ್ಯಾಲರಿ. ಹನ್ನೊಂದು! ಒಂದು ಮಿರ್ಚಿಯ ತೊಟ್ಟಿಗೂ ಸಾಲದು. ಹಿಡಿಕೆ ಬಿಗಿಯಾಗಿ ಹಿಡಿದು ಮಣಿಕಟ್ಟು ಮಡಚಿದ್ದರಿಂದ ತಮಗೆ ನಾಡಿ ಸಿಕ್ಕಿಲ್ಲವೆಂದು ಕನಕರಾಜ ತಮ್ಮ ಪರವಾಗಿ ವಕಾಲತ್ತು ಮಾಡಿದ. ಅದೇ ವಾರ ಕರ್ಜಗಿಯಲ್ಲಿರುವ ಜಯವ್ವನ ತಂಗಿಯ ಮನೆಗೆ ಹೋಗುವಾಗ, ಬಸ್ಸಿನಲ್ಲಿ ಸೀಟಿಗೆ ಟವೆಲು ಹಾಕಿದವನೊಬ್ಬನ ಜೊತೆ ಕೈ ಬೀಸಿ ಸ್ವಲ್ಪ ವಿಚಾರ ವಿನಿಮಯ ಮಾಡಿದೆ. ಅದಕ್ಕೆ ಐವತ್ತೆಂಟು ಬರೆದಿರಿ. ಜಗಳಕ್ಕೆ ಇಷ್ಟು ಉದಾರರು ದುಡಿಮೆಗೆ ಯಾಕೆ ಜಿಪುಣರು ಎಂದು ಕೇಳುವ ಹಾಗಿಲ್ಲ, ತಾವು ದೊಡ್ಡವರು.

ಆದರೆ ರೊಟ್ಟಿಯ ಸಂಗತಿಯನ್ನು ನುಂಗಿಕೊಳ್ಳುವುದು ಕಷ್ಟ. ಒಂದು ಮುಂಜಾನೆ ನಾನು ಜಳಕಕ್ಕೆ ಹೋಗುವಾಗ ತಮ್ಮನ್ನು ಬಿಚ್ಚಿ ಗೋಡೆಯ ಮಾಡದಲ್ಲಿಟ್ಟಿದ್ದೆ. ಜಯವ್ವ ನೋಡೋಣವೆಂದು ಕಟ್ಟಿಕೊಂಡು, ಅಂದು ನೆಂಟರು ಬರುವವರಿದ್ದುದರಿಂದ ನಲವತ್ತು ಜೋಳದ ರೊಟ್ಟಿ ಬಡಿದಳು. ನಾನು ಮೈ ಒರೆಸಿಕೊಂಡು ಬರುವಷ್ಟರಲ್ಲಿ, ನನಗಿಂತ ಒಂದು ಮೊಳ ಗಿಡ್ಡಳಾದ, ಕೆಟಲ್‌ಬೆಲ್ ಎಂದರೆ ಏನೆಂದೇ ನೋಡಿರದ ಆ ಹೆಂಗಸಿನ ಹೆಸರಿಗೆ ತಾವು ನೂರಾ ಅರವತ್ತೆಂಟು ಕ್ಯಾಲರಿ ಜಮಾ ಮಾಡಿದ್ದಿರಿ. ಮಿರ್ಚಿ ಎಂದರೆ ಅವಳಿಗೆ ಅಷ್ಟಕ್ಕಷ್ಟೆ. "ನನ್ನ ಪಾಲಿಂದು ಬೇಕಾದ್ರ ನೀವ ತಿನ್ರಿ, ನಾ ಏನ್ ಮಾಡ್ಲಿ ಅದನ್ನ" ಎಂದಳು. ಗಂಡಸಾದವನು ಹೆಂಡತಿಯ ಕ್ಯಾಲರಿಯಲ್ಲಿ ಮಿರ್ಚಿ ತಿನ್ನುವುದೇ ಎಂದು ಸ್ವಾಭಿಮಾನದಿಂದ ನಿರಾಕರಿಸಿದೆ. ಮರುದಿನ ತಿಂದೆ.

ಮುಂದೆ ಕನಕರಾಜ ತಮ್ಮನ್ನು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಏರಿಸಿ ಬಿಗಿಯಾಗಿ ಕಟ್ಟಿದ ಮೇಲೆ ತಮಗೆ ನಾಡಿ ಸಿಗತೊಡಗಿತು, ಅರವತ್ತು ಎಪ್ಪತ್ತು ಕ್ಯಾಲರಿ ಬರತೊಡಗಿದವು. ಆದರೆ ನೂರಾ ಇಪ್ಪತ್ತು ಎಂಬುದು ನಡೆದಷ್ಟೂ ದೂರ ಹೋಗುವ ಊರಿನಂತೆ ಮುಂದೆ ಮುಂದೆಯೇ ಇತ್ತು. ಸಂಜೆ ಜಯವ್ವ ನನ್ನ ಕೈ ಹಿಡಿದು ತಮ್ಮ ಮುಖ ಓದಿ, ತಾನೇ ಕರಿದ ಮಿರ್ಚಿಯನ್ನು ಮಣೆಯ ಮೇಲಿಟ್ಟು, ಈಳಿಗೆಯಿಂದ ಅರ್ಧ ಮಾಡಿ, ತೊಟ್ಟಿನ ಕಡೆಯದನ್ನು ನನಗೆ ಕೊಡುತ್ತಿದ್ದಳು. ಅರ್ಧ ಮಿರ್ಚಿಯನ್ನು ನೋಡಿದವರಿಗೇ ಗೊತ್ತು ಅದರ ದುಃಖ.

ತಮ್ಮ ಶಿಸ್ತಿನ ಬಗ್ಗೆಯೂ ಎರಡು ಮಾತು. ತಾಸಿಗೊಮ್ಮೆ ಗುರ್ರೆಂದು ನಡುಗಿ ಎದ್ದು ನಿಲ್ಲು ಎನ್ನುತ್ತೀರಿ. ಕಳೆದ ತಿಂಗಳು ಹಾವೇರಿಯ ಒಂದು ಕಚೇರಿಯಲ್ಲಿ ಹೊಲದ ಉತಾರಿಗಾಗಿ ಕಾಯುತ್ತ ಕುಳಿತಾಗ, ಗುಮಾಸ್ತರು ಇನ್ಯಾರದೋ ಹೆಸರು ಕರೆದ ಘಳಿಗೆಗೆ ಸರಿಯಾಗಿ ತಾವು ನಡುಗಿದಿರಿ, ನಾನು ಅಪ್ಪಣೆ ಮೀರಬಾರದೆಂದು ಎದ್ದು ನಿಂತೆ. ಪರಿಣಾಮವಾಗಿ ಅರ್ಧ ತಾಸು, ನಾನು ಕಂಡರಿಯದ ಯಾವುದೋ ಬದುವಿನ ಜಗಳಕ್ಕೆ ನನ್ನನ್ನು ಬೈದರು. ಮಧ್ಯೆ ಬಿಡಿಸಿ ಹೇಳಬಹುದಿತ್ತು, ಆದರೆ ಬೈಗುಳ ಕೇಳುವಾಗ ಎದೆ ಹೊಡೆದುಕೊಂಡದ್ದಕ್ಕೆ ತಾವು ಕ್ಯಾಲರಿ ಏರಿಸುತ್ತಿದ್ದುದನ್ನು ಕಂಡು ಸುಮ್ಮನೆ ನಿಂತೆ. ಒಂಬತ್ತು ಬಂದವು.

ಇನ್ನು ಒಂದು ತಪ್ಪೊಪ್ಪಿಗೆ. ನಮ್ಮ ಓಣಿಯ ಕೊನೆಯಲ್ಲಿ ಖಾರ ಕುಟ್ಟುವ ಗಿರಣಿ ಇದೆ. ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಬೀಳುತ್ತಿರುತ್ತವೆ. ಒಂದು ಮಧ್ಯಾಹ್ನ ಗಿರಣಿಯವನಿಗೆ ಚಹಾ ಕುಡಿಸಿ, ತಮ್ಮನ್ನು ಒಂದು ಒನಕೆಗೆ ಕಟ್ಟಿ, ಒಂದೂವರೆ ತಾಸು ಪಕ್ಕದ ಕಟ್ಟೆಯ ಮೇಲೆ ಮಲಗಿದೆ. ಎದ್ದು ನೋಡಿದರೆ ಒಂಬೈನೂರ ನಲವತ್ತು ಕ್ಯಾಲರಿ. ಹೆಚ್ಚುಕಡಿಮೆ ಎಂಟು ಮಿರ್ಚಿ! ಮನೆಗೆ ಹೋಗಿ ಎದೆ ಉಬ್ಬಿಸಿ ಕೈ ಮುಂದೆ ಚಾಚಿದೆ. ಜಯವ್ವ ಓದಲು ಬಾಗಿದವಳು ಮೂರು ಸಲ ಸೀನಿದಳು, ನಾಲ್ಕನೆಯದಕ್ಕೆ ಕಾಯದೆ ಬಾಣಲೆ ಒಳಗಿಟ್ಟಳು. ಆ ವಾರವೆಲ್ಲ ಮಂಡಕ್ಕಿಯೂ ಬಂದ್. ಒನಕೆಗೂ ಮನುಷ್ಯನಿಗೂ ವ್ಯತ್ಯಾಸ ನೋಡದ ತಮ್ಮ ಸಮದೃಷ್ಟಿಯನ್ನು ನಾನು ಅಂದು ಮೆಚ್ಚಿಕೊಂಡೆ. ಖಾರದ ಘಾಟನ್ನು ಮಾತ್ರ ತಾವು ಒರೆಸಿಕೊಂಡು ಬರಬಹುದಿತ್ತು.

ಹೀಗಿರುವಾಗ ಶಿವರಾತ್ರಿಯ ಹಿಂದಿನ ವಾರ, ಬ್ಯಾಡಗಿಗೆ ಹೋಗಲು ಬಸ್‌ಸ್ಟ್ಯಾಂಡಿಗೆ ಬಂದವನು ಫಕ್ರುದ್ದೀನನ ಗಾಡಿಯ ಗಾಳಿ ಕುಡಿಯಲು ನಿಂತೆ. ವರ್ಷದ ಖಾರಕ್ಕೆ ಹತ್ತು ಕಿಲೋ ಒಳ್ಳೆಯ ಬ್ಯಾಡಗಿ ಕಾಯಿ ತರಬೇಕೆಂದು ಜಯವ್ವ ಕೊಟ್ಟ ದುಡ್ಡು ಕಿಸೆಯಲ್ಲಿತ್ತು. ಅದಕ್ಕೂ ಇಲ್ಲಿಯ ಮಾತಿಗೂ ಸಂಬಂಧವಿಲ್ಲ, ಸುಮ್ಮನೆ ಹೇಳಿದೆ. ಗಾಡಿಯ ಸುತ್ತ ನಾಲ್ಕು ಜನ ಇದ್ದರು. ಜನ ಇದ್ದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ರೈಲಿನ ಸಂಗತಿ ಹೇಳಿ, ಗುಂಡಿನ ಸಂಗತಿ ಹೇಳಿ, ನಾನು ಮನಸ್ಸು ಮಾಡಿದರೆ ಇಪ್ಪತ್ತು ನಿಮಿಷದಲ್ಲಿ ಇನ್ನೂರು ಕ್ಯಾಲರಿ ಕರಗಿಸಬಲ್ಲೆ, ಮನಸ್ಸು ಮಾಡಿಲ್ಲ ಅಷ್ಟೆ ಎಂದೆ. ಫಕ್ರುದ್ದೀನ ಝಾರಿಯಿಂದ ಎಣ್ಣೆ ಬಸಿಯುತ್ತ, "ಹೊಳಿಯಪ್ಪಣ್ಣ, ನೀ ಮಾತಾಡೂದು ಕ್ವಿಂಟಲ್ ಲೆಕ್ಕದಾಗ, ಕರಗಸೂದು ಗ್ರಾಮಿನಾಗ" ಎಂದ. ನಾಲ್ಕು ಜನ ನಕ್ಕರು. ಪಂದ್ಯ ಕಟ್ಟಿದೆ. ಗೆದ್ದರೆ ದಸರೆಯವರೆಗೆ ದಿನಾ ಎರಡು ಮಿರ್ಚಿ ಫಕ್ರುದ್ದೀನನ ಕಡೆಯಿಂದ ಪುಕ್ಕಟೆ, ಜಯವ್ವನೂ ಅದಕ್ಕೆ ಅಡ್ಡ ಬರಬಾರದು. ಸೋತರೆ ನಾನು ಒಂದು ಸಣ್ಣ ಮೊತ್ತ ಕೊಡಬೇಕು. ಆ ಮೊತ್ತ ಐವತ್ತೊಂದು ರೂಪಾಯಿ ಎಂದು ಜಯವ್ವನಿಗೆ ಹೇಳಿದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿ, ಗೆದ್ದು ತೋರಿಸಿದರೆ ಅಡ್ಡ ಬರುವುದಿಲ್ಲ ಎಂದು ಒಪ್ಪಿದಳು.

ಪಂದ್ಯದ ದಿನ ಬೀಜದ ಅಂಗಡಿಯ ಮಹಡಿ ತುಂಬಿತು. ಗಾಡಿ ಮುಚ್ಚಿ ಫಕ್ರುದ್ದೀನ ಬಂದ. ನಾನು ಬಿದ್ದರೆ ಎತ್ತಲು ಒಬ್ಬರು ಬೇಕೆಂದು ಜಯವ್ವ ಬಂದು ಬೆಂಚಿನ ತುದಿಗೆ ಕುಳಿತಳು, ಸೆರಗಿನಲ್ಲಿ ಒಂದು ನಿಂಬೆಹಣ್ಣು ಇತ್ತು. ಮಾನ್ಯರೇ, ಅಂದು ನಾನು ಕಳ್ಳತನ ಮಾಡಲಿಲ್ಲ. ತಾವೇ ಸಾಕ್ಷಿ. ನಲವತ್ತು ಸಲ ಬೀಸು, ಅರ್ಧ ನಿಮಿಷ ಉಸಿರು, ಮತ್ತೆ ನಲವತ್ತು, ಹೀಗೆ ಇಪ್ಪತ್ತು ನಿಮಿಷ. ಹನ್ನೆರಡನೆಯ ನಿಮಿಷಕ್ಕೆ ಕಣ್ಣಿನ ಮುಂದೆ ಮಿರ್ಚಿಗಳು ಸಾಲಾಗಿ ಹಾರಿಹೋದವು. ಹದಿನಾರಕ್ಕೆ ನಗುತ್ತಿದ್ದ ಹುಡುಗರು ಎಣಿಸತೊಡಗಿದರು. ಹದಿನೆಂಟಕ್ಕೆ ಫಕ್ರುದ್ದೀನನೇ ಸಾಕು ಮಾಡು ಎಂದ, ನಾನು ನಿಲ್ಲಿಸಲಿಲ್ಲ. ಜಯವ್ವ ನಿಂಬೆಹಣ್ಣನ್ನು ಹಿಂಡುವಷ್ಟು ಬಿಗಿಯಾಗಿ ಹಿಡಿದಿದ್ದಳು. ನನ್ನ ಅರವತ್ತೊಂದು ವರ್ಷದಲ್ಲಿ ನಾನು ಹೇಳಿದ್ದನ್ನು ಹೇಳಿದಷ್ಟೇ ಮಾಡಿ ತೋರಿಸಿದ ದಿನ ಅದೊಂದೇ. ಗಂಟೆ ಹೊಡೆಯಿತು. ಕನಕರಾಜ ನನ್ನ ಕೈ ಹಿಡಿದು ಓದಿದ. ನೂರಾ ನಲವತ್ತೊಂದು.

ಯಾರೂ ನಗಲಿಲ್ಲ, ಅದೇ ಹೆಚ್ಚು ನೋವಾಯಿತು. ಕನಕರಾಜ ಹುಬ್ಬು ಗಂಟಿಕ್ಕಿ, ಇಷ್ಟು ದುಡಿತಕ್ಕೆ ಇದು ಬಹಳ ಕಡಿಮೆ ಎಂದು ಮೊಬೈಲು ತೆಗೆದು ತಮ್ಮ ಹೊಟ್ಟೆಯೊಳಗಿನ ವಿವರಗಳನ್ನು ಬಿಚ್ಚಿ ನೋಡಿದ. ನೋಡಿದವನು, "ಮಾವಾ, ಇದರಾಗ ಯಾರೋ ಬ್ಯಾರೆ ಮನಶ್ಯಾ ಅದಾನಲ್ಲ. ಅರವತ್ತು ಕಿಲೋ, ಮೂವತ್ತೊಂಬತ್ತು ವರ್ಷ. ಯಾರಿವ?" ಎಂದ.

 ನಾನು ವಜಾದ ಪದ್ಧತಿಯನ್ನು ವಿವರಿಸಿದೆ. ಚೀಲ, ತೇವ, ಫಕ್ರುದ್ದೀನನ ಮಾಲು. ಕನಕರಾಜ ಗೋಡೆಗೆ ಒರಗಿ ಲೆಕ್ಕ ಮಾಡಿದ: ಹೆಚ್ಚು ತೂಕದ ಮೈ ಅದೇ ಕೆಲಸಕ್ಕೆ ಹೆಚ್ಚು ಕರಗಿಸುತ್ತದೆ ಎಂದು ತಾವು ಹಿಡಿಯುತ್ತೀರಂತೆ, ಬರೀ ತೂಕ ಒಂದನ್ನು ತೊಂಬತ್ತನಾಲ್ಕು ಎಂದು ನಿಜ ಹೇಳಿದ್ದರೂ ಅಂದಿನ ಲೆಕ್ಕ ಸುಮಾರು ಇನ್ನೂರ ಇಪ್ಪತ್ತು ಆಗುತ್ತಿತ್ತಂತೆ. ಅಂದರೆ ಗೆದ್ದಿದ್ದೆ. ಇಪ್ಪತ್ತು ಮಿಕ್ಕಿ ಗೆದ್ದಿದ್ದೆ. ಎರಡು ತಿಂಗಳು ಅರ್ಧ ಮಿರ್ಚಿ ಕೊಯ್ದದ್ದು ಜಯವ್ವನ ಈಳಿಗೆಯಲ್ಲ, ನನ್ನದೇ ಬೆರಳು. ಹಾಗಾದರೆ ತಿದ್ದಿ ಮತ್ತೆ ಎಣಿಸೋಣ ಎಂದೆ. ಫಕ್ರುದ್ದೀನ ನಕ್ಕು, ಕಾಟಾದಿಂದ ಇಳಿಸಿದ ಮಾಲಿಗೆ ಎರಡನೆಯ ತೂಕ ಇಲ್ಲ ಎಂದ. ಅದು ಬ್ಯಾಡಗಿಯಲ್ಲಿ ಮೂವತ್ತೆರಡು ವರ್ಷ ನಾನೇ ಎಲ್ಲರಿಗೂ ಹೇಳಿದ ಕಟ್ಟಳೆ, ಅವನ ಗಾಡಿಯ ಮುಂದೆ ನಿಂತು ನೂರು ಸಲ ಜಂಭ ಕೊಚ್ಚಿದ ಕಟ್ಟಳೆ. 

ಆಗ ಜಯವ್ವ ಎದ್ದು ಬಂದು ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟು, ನನ್ನನ್ನಲ್ಲ, ಕನಕರಾಜನನ್ನು ನೋಡಿ ಹೇಳಿದಳು: "ಮೂವತ್ತಾರು ವರ್ಷ ಆತು, ಇವರು ಹೇಳಿದ್ದರಾಗ ಅರ್ಧಾ ವಜಾ ಮಾಡೇ ನಾ ಕೇಳಾಕತ್ತೇನಿ. ಪಾಪ, ಆ ಗಡಿಯಾರಕ್ಕ ಯಾರೂ ಹೇಳಿರಲಿಲ್ಲ."

ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡಲಿ. ಆದರೆ ಮನೆಗೆ ನಡೆಯುವಾಗ ಆ ಮಾತು ಕಾಲಿಗೆ ಕಲ್ಲು ಕಟ್ಟಿದ ಹಾಗಾಯಿತು. ಕುಪ್ಪೇಲೂರಿನಿಂದ ಬ್ಯಾಡಗಿಯವರೆಗೆ ನನ್ನ ಮಾತನ್ನು ಕೇಳಿದವರು ಸಾವಿರ ಜನ ಇದ್ದಾರೆ. ಕೇಳಿ ನಕ್ಕವರು, ಕೇಳಿ ಚಹಾ ಕುಡಿಸಿದವರು, ಕೇಳಿದ ಹಾಗೆ ಮಾಡಿದವರು. ಪೂರ್ತಿ ನಂಬಿದವರು, ಒಂದು ಗ್ರಾಮೂ ವಜಾ ಮಾಡದೆ ನಂಬಿದವರು, ಯಾರಾದರೂ ಇದ್ದರೆ ಅದು ತಾವೊಬ್ಬರೇ. ಅರವತ್ತು ಎಂದೆ, ಅರವತ್ತು ಎಂದಿರಿ. ಮೂವತ್ತೊಂಬತ್ತು ಎಂದೆ, ಹೌದೆಂದಿರಿ. ಹೊಟ್ಟೆ ಕಣ್ಣೆದುರಿಗೇ ಇದ್ದರೂ ಕೇಳಲಿಲ್ಲ. ಅಂಥ ನಂಬಿಕಸ್ಥರನ್ನು ಒನಕೆಗೆ ಕಟ್ಟಿದೆನಲ್ಲ ಎಂದು ನನಗೆ ಈಗ ಪಶ್ಚಾತ್ತಾಪವಾಗುತ್ತಿದೆ. ಆದರೆ ತಮ್ಮ ತಪ್ಪೂ ಇದೆ. ತೂಕದವನಾದವನು ಮಾಲಿನ ಒಡೆಯನ ಮಾತು ನಂಬಬಾರದು. ಇದು ನಮ್ಮ ಕಸುಬಿನ ಮೊದಲ ಪಾಠ. ನಾಲ್ಕು ಬೆರಳಿನಿಂದ ಒಮ್ಮೆ ನನ್ನನ್ನು ಎತ್ತಿ ನೋಡಬೇಕಿತ್ತು.

ಆದ ಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಬ್ಯಾಡಗಿಯಲ್ಲಿ ನಾನು ಚೀಲ ಎತ್ತಿದ ಮೂವತ್ತೆರಡು ವರ್ಷಕ್ಕೆ, ವರ್ಷಕ್ಕೆ ಇನ್ನೂರೈವತ್ತು ದಿನ, ದಿನಕ್ಕೆ ಕೇವಲ ಮುನ್ನೂರು ಕ್ಯಾಲರಿಯಂತೆ, ಹಿಂದಿನ ಬಾಕಿ ಎಂದು ಇಪ್ಪತ್ನಾಲ್ಕು ಲಕ್ಷ ಕ್ಯಾಲರಿ ನನ್ನ ಹೆಸರಿಗೆ ಜಮಾ ಮಾಡಬೇಕು. ಇದು ಇಪ್ಪತ್ತು ಸಾವಿರ ಮಿರ್ಚಿಗೆ ಸಮ. ಒಮ್ಮೆಲೇ ಬೇಡ, ನಾನು ದುರಾಸೆಯವನಲ್ಲ, ದಿನಕ್ಕೆ ನಾಲ್ಕರಂತೆ ಕೊಟ್ಟರೆ ಹದಿನಾಲ್ಕು ವರ್ಷದಲ್ಲಿ ತೀರಿಹೋಗುತ್ತದೆ. ಮಿರ್ಚಿ ಅಗಿಯುವುದಕ್ಕೆ ತಗಲುವ ಕ್ಯಾಲರಿಯನ್ನು ಆ ಮಿರ್ಚಿಯ ಲೆಕ್ಕದಲ್ಲೇ ಮುರಿದುಕೊಳ್ಳಬೇಕು. ರೈಲು ನಿಲ್ಲಿಸಿದ ಸಂಗತಿಯನ್ನು ನಾನು ಹೇಳುವಾಗಲೆಲ್ಲ, ದಿನಕ್ಕೆ ನಾಲ್ಕು ಸಲವೆಂದಿಟ್ಟುಕೊಳ್ಳಿ, ನಿಜವಾಗಿ ರೈಲು ನಿಲ್ಲಿಸಿದಾಗ ಎಷ್ಟಾಗುತ್ತದೋ ಅಷ್ಟನ್ನು ಬರೆಯಬೇಕು, ಹೇಳುವುದೂ ಸಣ್ಣ ದುಡಿಮೆಯಲ್ಲ. ಜಯವ್ವನ ರೊಟ್ಟಿಯ ನೂರಾ ಅರವತ್ತೆಂಟನ್ನು ಮಾತ್ರ ಹಾಗೆಯೇ ಇಡಿ. ಅದೂ ನನ್ನ ಹೆಸರಿನ ಅರವತ್ತು ಕಿಲೋದ ಮೇಲೆ ಹಾಕಿದ ಲೆಕ್ಕವೇ ಆದರೂ, ಅವಳದನ್ನು ಮುಟ್ಟುವ ಧೈರ್ಯ ನನಗಿಲ್ಲ. ಕೊನೆಯದಾಗಿ, ಈಚೆಗೆ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ಕೆಮ್ಮುವುದನ್ನು, ಕಣ್ಣೀರು ಒರೆಸುವುದನ್ನು ತಾವು ವ್ಯಾಯಾಮವೆಂದು ಹಿಡಿಯುತ್ತಿದ್ದೀರಿ. ಅದು ವ್ಯಾಯಾಮವಲ್ಲ, ಈ ವರ್ಷದ ಖಾರ. ಅದರ ವಿಷಯ ಕೆಳಗೆ ಬರುತ್ತದೆ.

ನಿನ್ನೆ ಕನಕರಾಜನ ಎದುರಿಗೆ ಕುಳಿತು ತಮ್ಮ ಪುಸ್ತಕದಲ್ಲಿ ನನ್ನ ತೂಕ ತಿದ್ದಿಸಿದ್ದೇನೆ. ಚೀಲ ಸಮೇತ. ಎತ್ತರವನ್ನೂ ನೆಲಕ್ಕೆ ಇಳಿಸಿದ್ದೇನೆ. ವಯಸ್ಸು ಮಾತ್ರ ಮೂವತ್ತೊಂಬತ್ತೇ ಇರಲಿ. ಎಲ್ಲವನ್ನೂ ಒಮ್ಮೆಲೇ ತಿದ್ದಿದರೆ ನಾನು ಯಾರೆಂದು ತಮಗೆ ಗುರುತು ಹತ್ತಲಿಕ್ಕಿಲ್ಲ.

ಬೇರೆ ಯಾರೂ ಇಷ್ಟು ನಂಬದ ಕಾರಣ ಇನ್ನೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,

ಹೊಳಿಯಪ್ಪ
ಮಾಜಿ ತೂಕದವ, ಬ್ಯಾಡಗಿ ಪೇಟೆ
ಹಾಲಿ ಮುಕ್ಕಾಂ ರಾಣೆಬೆನ್ನೂರು

ತಾ.ಕ.: ಈ ಪತ್ರ ಅಚ್ಚಾದರೆ ಜಯವ್ವ ಓದುತ್ತಾಳೆ, ಅವಳಿಗಾಗಿಯೇ ಈ ನಾಲ್ಕು ಸಾಲು, ತಮಗೆ ಇದರಲ್ಲಿ ಕೆಲಸವಿಲ್ಲ, ನಡುಗದೆ ಸುಮ್ಮನಿರಿ. ಪಂದ್ಯದ ಮೊತ್ತ ಐವತ್ತೊಂದು ಎಂದು ಅವಳಿಗೂ, ನೂರಾ ಒಂದು ಎಂದು ಕನಕರಾಜನಿಗೂ, ಐದುನೂರು ಎಂದು ಜಿಮ್ಮಿನ ಹುಡುಗರಿಗೂ ಹೇಳಿದ್ದೆ. ಈ ವರ್ಷ ಕಾಯಿಯ ದರ ಏರಿದೆ ಎಂದು ನಾನು ಹೇಳಿದ್ದೂ, ತಂದದ್ದು ಬ್ಯಾಡಗಿ ಕಾಯಿ ಎಂದು ಹೇಳಿದ್ದೂ ನಿಜವಲ್ಲ. ಕಾಯಿಯ ದುಡ್ಡಿನಲ್ಲಿ ಪಂದ್ಯಕ್ಕೆ ಕೊಟ್ಟು ಉಳಿದದ್ದಕ್ಕೆ ಬಂದದ್ದು ಬೇರೆ ಸೀಮೆಯ, ಬಣ್ಣವಿಲ್ಲದ, ಉರಿಯೇ ಉರಿಯಾದ ಕಾಯಿ. ಮೂವತ್ತೆರಡು ವರ್ಷ ಬ್ಯಾಡಗಿ ಕಾಯಿ ತೂಗಿದವನ ಮನೆಯ ಸಾರು ಈ ವರ್ಷ ಬೆಳ್ಳಗಿದೆ. ಜಯವ್ವ ದಿನಾ ಸಾರು ಬಡಿಸಿ, ಸಾರು ನೋಡಿ, ನನ್ನನ್ನು ನೋಡಿ, ಏನೂ ಕೇಳದೆ ಒಳಗೆ ಹೋಗುತ್ತಾಳೆ. ಆದ್ದರಿಂದ ಕೇಳುವ ಮೊದಲೇ ಹೇಳುತ್ತೇನೆ. ಈ ಎರಡು ತಿಂಗಳಲ್ಲಿ ನನ್ನಿಂದ ಹೋದದ್ದು ಇಷ್ಟು: ಮೈಯಿಂದ ಎಂಟುನೂರು ಗ್ರಾಮು, ಕಿಸೆಯಿಂದ ಎರಡು ಸಾವಿರದ ಐದುನೂರು ರೂಪಾಯಿ. ಎರಡರಲ್ಲೂ ಏನೂ ವಜಾ ಮಾಡಿಲ್ಲ.